ಹಂತಿಪದಕ್ಕೆ ಪಿಟೀಲು

ತಿರ್ಲಾಪುರದಲ್ಲಿ ಶಂಕ್ರಪ್ಪ ಹಂತಿ ಹೊಡೆಯಲು ನಿಂತರೆ ಎತ್ತುಗಳಿಗೂ ದಣಿವು ಗೊತ್ತಾಗುವುದಿಲ್ಲ ಎಂದು ಊರವರು ಹೇಳುತ್ತಿದ್ದರು. ಕಣದ ನಡುವಿನ ಮೇಟಿಕಂಬಕ್ಕೆ ಎತ್ತುಗಳನ್ನು ಸಾಲಾಗಿ ಕಟ್ಟಿ, ಜೋಳದ ತೆನೆಯ ಮೇಲೆ ಸುತ್ತು ತಿರುಗಿಸುತ್ತ ಅವನು ಎತ್ತಿದ ಹಂತಿಪದದ ದನಿ ಹಳ್ಳದಾಚೆಯ ಹೊಲಕ್ಕೂ ಕೇಳುತ್ತಿತ್ತು. ಅವನ ಹೆಂಡತಿ ಗೌರಕ್ಕ ಮದುವೆಗೆ ಮುಂಚೆ ಗಂಡಿನ ಮುಖ ಕಂಡವಳಲ್ಲ. ದನಿಯನ್ನಷ್ಟೇ ಕೇಳಿದ್ದಳು, ಅಷ್ಟಕ್ಕೇ ಒಪ್ಪಿದ್ದಳು. ಮನೆಯಲ್ಲಿ ಮಾತ್ರ ಈ ಮನುಷ್ಯ ಉಪ್ಪು ಬೇಕೆನ್ನುವುದಕ್ಕೂ ಬಾಯಿ ಬಿಡುತ್ತಿರಲಿಲ್ಲ, ಅದು ಬೇರೆ ಮಾತು.

ಎಪ್ಪತ್ತನಾಲ್ಕರ ಶ್ರಾವಣದಲ್ಲಿ ಮುಂಬಯಿಯಿಂದ ಒಂದು ಜೀಪು ಬಂತು. ಸಿನಿಮಾಕ್ಕೆ ಸಂಗೀತ ಕೂಡಿಸುವ ಕಲೆಯ ಬಗ್ಗೆ ಸಾಕ್ಷ್ಯಚಿತ್ರ ಮಾಡುವ ಜನ. ಅವರ ಜೊತೆಗೆ ಏಕನಾಥ ಎಂಬ ಸಂಗೀತ ನಿರ್ದೇಶಕರು. ಚಿಕ್ಕಂದಿನಲ್ಲಿ ಅಣ್ಣಿಗೇರಿಯ ಸೋದರಮಾವನ ಮನೆಯಲ್ಲಿದ್ದು ಹಂತಿಪದ ಕೇಳಿದ್ದರಂತೆ. ಅದೇ ಧಾಟಿಯಲ್ಲಿ ಒಂದು ಸಿನಿಮಾ ಹಾಡು ಕಟ್ಟಿ ದೊಡ್ಡ ಹೆಸರು ಮಾಡಿದ್ದರಂತೆ. ತಮ್ಮ ಹಾಡು ಹುಟ್ಟಿದ ಕಣವನ್ನು ಜನಕ್ಕೆ ತೋರಿಸಬೇಕು ಎಂಬುದು ಅವರ ಹಟ.

ಶ್ರಾವಣದಲ್ಲಿ ಕಣ ಎಲ್ಲಿಂದ ಬರಬೇಕು? ಕಟ್ಟೆಯ ಮೇಲೆ ಕೂತು ಹಾಡಿದರೂ ನಡೆದೀತು ಎಂದರು. ಶಂಕ್ರಪ್ಪ ಒಪ್ಪಲಿಲ್ಲ. ಎತ್ತು ನಡೆಯದೆ ಹಂತಿಪದ ಏಳುವುದಿಲ್ಲ, ಅದರ ತಾಳ ಇರುವುದೇ ಎತ್ತಿನ ಕಾಲಿನಲ್ಲಿ. ಕಡೆಗೆ ಹಳೆಯ ಹೊಟ್ಟು ಹರವಿ, ಮೇಟಿ ನೆಟ್ಟು ಒಂದು ಸುಳ್ಳು ಕಣ ಮಾಡಿದರು. ಕಾಳಿಲ್ಲದ ಕಣ ತುಳಿಸುವುದು ಒಳ್ಳೆಯದಲ್ಲ ಎಂದು ಮುದುಕ ಹುಚ್ಚಪ್ಪ ಗೊಣಗಿದ. ಶಂಕ್ರಪ್ಪ ಚಪ್ಪಲಿ ಬಿಟ್ಟು, ಮೇಟಿಗೆ ಕೈಮುಗಿದು ಹಾಡಿದ. ಅವನು ಅಷ್ಟು ಚೆಂದ ಹಾಡಿದ್ದನ್ನು ಗೌರಕ್ಕ ಅದಕ್ಕೂ ಮುಂಚೆ ಕೇಳಿರಲಿಲ್ಲ.

ಕ್ಯಾಮರಾ ತಿರುಗುವ ಮುನ್ನ ಪ್ರತಿಸಲ ಒಬ್ಬ ಮೀಸೆಯವನು ಬಂದು, ಬಿಳಿ ಗುಂಡಿಯ ಒಂದು ಸಣ್ಣ ಕರಿ ಡಬ್ಬಿಯನ್ನು ಶಂಕ್ರಪ್ಪನ ಬಾಯಿಯ ಹತ್ತಿರ ಹಿಡಿದು ನೋಡಿ ಹೋಗುತ್ತಿದ್ದ. ದನಿ ಹಿಡಿಯುವ ಯಂತ್ರ ಅದೇ ಎಂದು ಇಡೀ ಊರು ತಿಳಿಯಿತು. ಅಲ್ಲವೆಂದು ಹೇಳುವವರು ಯಾರಿದ್ದರು?

ಮರುವರ್ಷ ಸುಗ್ಗಿಯ ಹೊತ್ತಿಗೆ ಶಂಕ್ರಪ್ಪನ ದನಿ ಒಡೆಯಿತು. ಗಂಟಲಲ್ಲಿ ಹುಣ್ಣಾಗಿದೆ, ಕೆಟ್ಟ ಜಾತಿಯದು, ಧ್ವನಿಪೆಟ್ಟಿಗೆ ತೆಗೆದರೆ ಜೀವ ಉಳಿಯುತ್ತದೆ ಎಂದರು ಹುಬ್ಬಳ್ಳಿಯ ಡಾಕ್ಟರು. ದವಾಖಾನೆಗೆ ಹೊರಡುವ ಹಿಂದಿನ ದಿನ ಬಾಜೂ ಮನೆಯ ಕಾಸೀಮಸಾಬ ಬಂದ. ಮುಂಬಯಿ ಬಂದರಿನಲ್ಲಿ ದುಡಿಯುತ್ತಿದ್ದ ಅವನು ರಜೆಗೆ ಬರುವಾಗ ಟೇಪ್ ರೆಕಾರ್ಡರ್ ತಂದಿದ್ದ. ಕಾಕಾ ಎರಡು ನುಡಿ ಹಾಡಲಿ, ಹಿಡಿದಿಡುತ್ತೇನೆ ಎಂದ. ಶಂಕ್ರಪ್ಪ ಆಗಲೇ ಕಂಬಳಿ ಸರಿಸಿ ಎದ್ದು ಕೂತಿದ್ದ. ಗೌರಕ್ಕ ಅಡ್ಡ ಬಂದಳು.

“ಬ್ಯಾಡ ಕಾಸೀಮ, ಅವರನ್ನ ಸುಮ್ನ ದಣಿಸಬ್ಯಾಡ. ಗಟ್ಟಿ ಇದ್ದಾಗಿನ ದನಿ ಮುಂಬಯ್ಯಾವ್ರು ಹಿಡದಿಟ್ಟಾರ. ಈ ಒಡಕ ದನಿ ಯಾಕ ಬೇಕು?”

ಶಂಕ್ರಪ್ಪ ಅವಳ ಮುಖ ನೋಡಿದ, ಮತ್ತೆ ಮಲಗಿದ. ಗಂಡನನ್ನು ಕಾಪಾಡಿದೆ ಎಂದುಕೊಂಡಳು ಗೌರಕ್ಕ.

ಜೀವ ಉಳಿಯಿತು. ಕೊರಳಲ್ಲಿ ಒಂದು ತೂತು, ಉಸಿರೆಲ್ಲ ಅದರಿಂದಲೇ. ಮಾತೆಲ್ಲ ಕೈಸನ್ನೆಗೆ ಬಂತು. ಮುಂದಿನ ಸುಗ್ಗಿ ಬಂದರೂ ಅವನು ಕಣದ ಕಡೆ ಹೋಗಲಿಲ್ಲ, ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಸಿನಿಮಾ ಬರುತ್ತದೆ, ಇಬ್ಬರೂ ಕೂತು ಕೇಳೋಣ ಎಂದು ಗೌರಕ್ಕ ಹೇಳುತ್ತಲೇ ಇದ್ದಳು. ಆ ಮನೆ ನಿಂತಿದ್ದೇ ಆ ಒಂದು ಮಾತಿನ ಮೇಲೆ.

ಎಪ್ಪತ್ತಾರರ ಬೇಸಿಗೆಯಲ್ಲಿ ಸರಕಾರದ ಪ್ರಚಾರದ ವ್ಯಾನು ಬಂದು ಸಾಲಿಯ ಮುಂದೆ ಪರದೆ ಕಟ್ಟಿತು. ಆ ಚಿತ್ರವೂ ಇದೆ ಎಂದು ಮಾಸ್ತರರು ಹೇಳಿ ಕಳಿಸಿದರು. ಗೌರಕ್ಕ ಗಂಡನಿಗೆ ಹೊಸ ರುಮಾಲು ಸುತ್ತಿಸಿ ಎಲ್ಲರಿಗಿಂತ ಮುಂದೆ ಕೂರಿಸಿದಳು. ಮೊದಲು ಕುಟುಂಬ ಯೋಜನೆ, ಆಮೇಲೆ ಏಕನಾಥರು. ದೊಡ್ಡ ಕೋಣೆಯಲ್ಲಿ ಹಾರ್ಮೋನಿಯಂ ಮುಂದೆ ಕೂತು, ಹಳ್ಳಿಯ ಧಾಟಿ ಹಸಿಯಾಗಿರುತ್ತದೆ, ಅದನ್ನು ಬೇಯಿಸಿ ಬಡಿಸುವುದೇ ನಮ್ಮ ಕೆಲಸ ಎಂದು ನಗುತ್ತ ವಿವರಿಸಿದರು. ಹಸಿಯಂತೆ. ತಾವು ಉಂಡು ಬೆಳೆದ ಅನ್ನಕ್ಕೇ ಹೀಗೆ ಹೆಸರಿಡುವ ದೊಡ್ಡ ಮನುಷ್ಯರು.

ಅಷ್ಟರಲ್ಲಿ ಪರದೆಯ ಮೇಲೆ ಕಣ ಬಂತು, ಎತ್ತು ಬಂದವು, ಶಂಕ್ರಪ್ಪ ಬಂದ. ಊರು ಸೀಟಿ ಹೊಡೆಯಿತು. ಅವನು ಕಿವಿಗೆ ಕೈ ಇಟ್ಟು ಬಾಯಿ ತೆರೆದ. ಆ ಬಾಯಿಂದ ಪಿಟೀಲುಗಳು ಹೊರಟವು. ಒಂದಲ್ಲ, ಒಂದು ದಂಡು ಪಿಟೀಲು. ಜನ ಚಪ್ಪಾಳೆ ತಟ್ಟಿದರು, ಅವರಿಗೆ ತಮ್ಮ ಊರಿನ ಮುಖ ಕಂಡರೆ ಸಾಕಾಗಿತ್ತು. ಶಂಕ್ರಪ್ಪ ಅಲ್ಲಾಡದೆ ಕೂತಿದ್ದ. ಅವನ ಕೊರಳ ತೂತಿನಿಂದ ಉಸಿರು ಜೋರಾಗಿ ಬರುತ್ತಿದ್ದುದು ಗೌರಕ್ಕನಿಗೆ ಮಾತ್ರ ಕೇಳಿಸಿತು.

ಅವಳು ಎದ್ದು ವ್ಯಾನಿನವನ ಹತ್ತಿರ ಹೋದಳು. ಗಂಡನ ದನಿ ಎಲ್ಲಿ ಎಂದು ಕೇಳಿದಳು. ಪಾಪ, ಅವನು ಒಳ್ಳೆಯವನು. ಇಲ್ಲಿ ಬರೀ ಚಿತ್ರ ತೆಗೆದಿದ್ದಾರೆ, ಸಂಗೀತವನ್ನು ಮುಂಬಯಿಯಲ್ಲಿ ಹಾಕಿದ್ದಾರೆ ಎಂದು ತಿಳಿಸಿ ಹೇಳಿದ. ಅವಳು ಕರಿ ಡಬ್ಬಿಯ ವಿಷಯ ತೆಗೆದಳು.

“ಅದು ಬೆಳಕು ಅಳೆಯೂದ್ರಿ ಯವ್ವಾ,” ಎಂದ ಅವನು. “ದನಿಗೂ ಅದಕ್ಕೂ ಏನೂ ಸಂಬಂಧ ಇಲ್ರಿ.”

ಪಿಟೀಲು ಬಂದ್ ಮಾಡಿ ಇನ್ನೊಮ್ಮೆ ತೋರಿಸು ಎಂದು ಅವಳು ಬೇಡಿಕೊಂಡಳು. ಜನ ಮನೆಗೆ ಹೋದ ಮೇಲೆ ಅವನು ರೀಲು ಸುತ್ತಿ ಮತ್ತೆ ಹಾಕಿದ. ಸದ್ದಿಲ್ಲದೆ ಎತ್ತು ತಿರುಗಿದವು, ಸದ್ದಿಲ್ಲದೆ ಶಂಕ್ರಪ್ಪ ಹಾಡಿದ. ತುಟಿ ನೋಡಿಯೇ ಅವಳಿಗೆ ಯಾವ ನುಡಿ ಎಂದು ತಿಳಿಯಿತು. ದನಿ ಮಾತ್ರ ನೆನಪಿಗೆ ಬರಲಿಲ್ಲ. ಕಣ್ಣು ಮುಚ್ಚಿ ಎಷ್ಟು ತಡಕಾಡಿದರೂ ಕಿವಿಯಲ್ಲಿ ಪಿಟೀಲುಗಳೇ ತುಂಬಿಕೊಂಡವು. ಇಷ್ಟು ವರ್ಷ ಕೇಳಿದ ದನಿ ಒಂದೇ ಸಂಜೆಗೆ ಅವಳ ಒಳಗಿನಿಂದಲೂ ಹೋಗಿತ್ತು.

ಅಮಾವಾಸ್ಯೆ. ಲಾಟೀನು ತಂದಿರಲಿಲ್ಲ. ಓಣಿಯಲ್ಲಿ ಅವನು ಮುಂದೆ, ಅವಳು ಹಿಂದೆ. ಗುಡಿ ದಾಟಿದ ಮೇಲೆ ಗೌರಕ್ಕನಿಗೆ ತಡೆಯಲಾಗಲಿಲ್ಲ.

“ಅವತ್ತ ಕಾಸೀಮ ಬಂದಾಗ ನಿಮಗ ಹಾಡಬೇಕನಿಸಿತ್ತು. ನಾನ ಬ್ಯಾಡಂದೆ. ಕೈಯಾರ ನಿಮ್ಮ ದನಿ ಮಣ್ಣ ಮಾಡಿದ್ನಿರಿ.”

ಶಂಕ್ರಪ್ಪ ನಿಂತ. ಅವಳ ಕಡೆ ತಿರುಗಿದ. ಅಂಗಿಯ ತೋಳು ಸರಸರ ಎಂದಿತು, ಕೈಗಳು ಆಡುತ್ತಿದ್ದವು. ಉತ್ತರ ಉದ್ದವಾಗಿತ್ತು. ಬೈಗುಳವೋ, ಸಮಾಧಾನವೋ, ಅವಳು ಕಣ್ಣರಳಿಸಿ ನೋಡಿದಳು. ಆ ಕತ್ತಲಲ್ಲಿ ಅವಳಿಗೆ ಏನೂ ಕಾಣಲಿಲ್ಲ. ಹೇಳುವುದನ್ನೆಲ್ಲ ಹೇಳಿ ಮುಗಿಸಿ ಅವನು ಮನೆಯ ಕಡೆ ನಡೆದ.