ಹುಲಿಯೂರುದುರ್ಗಕ್ಕೆ ಜೊತೆ

ನವರಾತ್ರಿ ರಜೆಯಲ್ಲಿ ಹುಲಿಯೂರುದುರ್ಗದ ಬೆಟ್ಟ ಹತ್ತಿ ಬರೋಣ ಎಂದವನು ಪಟ್ಟಾಭಿರಾಮ. ಸುಬ್ಬಕೃಷ್ಣನಿಗೆ ಆಶ್ಚರ್ಯವಾಯಿತು. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಒಂದೇ ಬೀದಿಯಲ್ಲಿ ಬೆಳೆದ ಈ ಗೆಳೆಯ ದೇವರಾಯನದುರ್ಗಕ್ಕೆ ಹೋದರೂ ಬಸ್ಸು ನಿಲ್ಲುವ ಕಡೆಯೇ ನೆರಳು ನೋಡಿ ಕೂರುವವನು. ಆದರೂ ಸುಬ್ಬಕೃಷ್ಣ ಖುಷಿಯಿಂದಲೇ ಒಪ್ಪಿಕೊಂಡ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ಅವನಿಗೆ ಬೆಟ್ಟ ಹತ್ತುವುದೆಂದರೆ ಮೊದಲಿನಿಂದಲೂ ಆಸೆ. ಅಲ್ಲದೆ ಪಟ್ಟಾಭಿ ಇನ್ನು ಬರೀ ಗೆಳೆಯನಾಗಿ ಉಳಿಯುವವನಲ್ಲ. ಸುಬ್ಬಕೃಷ್ಣನ ತಂಗಿ ಅಲಮೇಲುವನ್ನು ಅವನಿಗೆ ಕೊಡುವುದೆಂದು ಎರಡೂ ಮನೆಯ ತಾಯಂದಿರು ಮಾತಾಡಿಕೊಂಡಿದ್ದರು. ಪಟ್ಟಾಭಿಯ ಕಚೇರಿ ಕೆಲಸ ಖಾಯಂ ಆಗಲೆಂದು ಕಾಯುತ್ತಿದ್ದರು. ಅದು ಆ ಶ್ರಾವಣದಲ್ಲಿ, ಅಂದರೆ ಐವತ್ತೊಂಬತ್ತನೆಯ ಇಸವಿಯಲ್ಲಿ, ಆಗಿತ್ತು. ಸುಬ್ಬಕೃಷ್ಣನ ತಾಯಿ ಕೌಸಲ್ಯಮ್ಮ ಆಗಲೇ ಮದುವೆಯ ಅಡುಗೆಗೆಂದು ಅಟ್ಟದ ಮೇಲಿನ ದೊಡ್ಡ ಪಾತ್ರೆಗಳನ್ನು ಇಳಿಸಿ ಕಲಾಯಿ ಹಾಕಿಸಿಟ್ಟಿದ್ದರು.

ಬೆಳಗಿನ ಬಸ್ಸಿನಲ್ಲಿ ಹೊರಟು ಕುಣಿಗಲ್ಲಿನಲ್ಲಿ ಇಳಿದರು. ಬೆಟ್ಟಕ್ಕೆ ಹೊರಟವನು ಇಸ್ತ್ರಿ ಮಾಡಿದ ಬಿಳಿ ಷರಟು ತೊಟ್ಟು, ಹೊಸ ಪಂಚೆ ಉಟ್ಟಿದ್ದನ್ನು ನೋಡಿ ಸುಬ್ಬಕೃಷ್ಣ ದಾರಿಯಲ್ಲಿ ತಮಾಷೆ ಮಾಡಿದ್ದ. ಪಟ್ಟಾಭಿ ನಕ್ಕಿರಲಿಲ್ಲ.

"ದುರ್ಗದ ಬಸ್ಸಿಗೆ ಇನ್ನೂ ಹೊತ್ತಿದೆ," ಎಂದ ಪಟ್ಟಾಭಿ. "ಇಲ್ಲಿ ನಮ್ಮ ದೊಡ್ಡಪ್ಪನ ಸ್ನೇಹಿತರೊಬ್ಬರು ಇದಾರೆ. ಗೊಂಬೆ ಕೂರಿಸಿದಾರಂತೆ. ನೋಡ್ಕೊಂಡು ಕಾಫಿ ಕುಡಿದು ಹೋಗೋಣ ಬಾ."

ಕೆರೆ ಏರಿಯ ಹತ್ತಿರದ ದೊಡ್ಡ ಮನೆ. ಯಜಮಾನರ ಹೆಸರು ಸೀತಾರಾಮಯ್ಯ. ತೆಂಗಿನ ತೋಟ, ಅಕ್ಕಿ ಗಿರಣಿ ಇದ್ದವರು. ಅವರು ಬಾಗಿಲಿಗೇ ಬಂದು ಪಟ್ಟಾಭಿಯನ್ನು ಕರೆದರು, ಆಮೇಲೆ ಸುಬ್ಬಕೃಷ್ಣನ ಕಡೆ ತಿರುಗಿ ಕೈ ಮುಗಿದರು.

"ನೀವೇ ತಾನೇ ಸುಬ್ಬಕೃಷ್ಣ? ನೀವು ಬಂದದ್ದು ಬಹಳ ಒಳ್ಳೇದಾಯ್ತು. ನಮಗೊಂದು ಸಮಾಧಾನ ಆಯ್ತು ನೋಡಿ."

ತಾನು ಬಂದರೆ ಇವರಿಗೇಕೆ ಸಮಾಧಾನ ಎಂದು ಸುಬ್ಬಕೃಷ್ಣನಿಗೆ ಹೊಳೆಯಲಿಲ್ಲ. ಒಳಗೆ ಚಾಪೆ ಹಾಸಿತ್ತು. ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಗೊಂಬೆಗಳನ್ನು ಅವನೊಬ್ಬನೇ ನೋಡಿದ. ಸ್ವಲ್ಪ ಹೊತ್ತಿಗೆ ರೇಷ್ಮೆ ಸೀರೆ ಉಟ್ಟ ಹುಡುಗಿಯೊಬ್ಬಳು ಕೇಸರಿಬಾತು, ಉಪ್ಪಿಟ್ಟು ತಂದು ಅವರ ಮುಂದಿಟ್ಟಳು. "ನಮ್ಮ ಮಗಳು, ರಾಧಾ," ಎಂದರು ಸೀತಾರಾಮಯ್ಯ. "ಒಂದು ಹಾಡು ಹೇಳಮ್ಮ." ಹುಡುಗಿ ಚಾಪೆಯ ತುದಿಯಲ್ಲಿ ಕೂತು, ತಲೆ ಎತ್ತದೆ ಹಾಡಿದಳು. ಅಡುಗೆಮನೆಯ ಬಾಗಿಲ ಸಂದಿಯಲ್ಲಿ ಹೆಂಗಸರು ಇಣುಕುತ್ತಿದ್ದರು. ಪಟ್ಟಾಭಿ ಕಾಲು ಮಡಿಸಿ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದ.

ಇಂಥ ಹಾಡು, ಇಂಥ ಉಪ್ಪಿಟ್ಟು ಯಾವುದಕ್ಕೆ ಎಂಬುದು ಸುಬ್ಬಕೃಷ್ಣನಿಗೆ ಗೊತ್ತಿತ್ತು. ಚಿಕ್ಕಪ್ಪನ ಮಗನಿಗೆ ಹೆಣ್ಣು ನೋಡಲು ಹೋದಾಗ ಅವನೂ ಜೊತೆಗಿದ್ದ. ಬಾಯಲ್ಲಿದ್ದ ಕೇಸರಿಬಾತನ್ನು ನುಂಗಲಾಗಲಿಲ್ಲ, ಉಗುಳಲೂ ಆಗಲಿಲ್ಲ. ಹೊರಡುವಾಗ ಸೀತಾರಾಮಯ್ಯ, "ಬೆಟ್ಟ ಇಳಿದು ರಾತ್ರಿ ಊಟಕ್ಕೆ ಇಲ್ಲಿಗೇ ಬರಬೇಕು," ಎಂದರು. ಪಟ್ಟಾಭಿ ಆಗಲಿ ಎಂದ.

ದುರ್ಗದ ಬಸ್ಸಿನಲ್ಲಿ ಜನ ಕಿಕ್ಕಿರಿದಿದ್ದರು. ಊರು ದಾಟಿ, ರಾಗಿ ಹೊಲಗಳ ಬದುವಿನ ಮೇಲೆ ನಡೆದು, ಬೆಟ್ಟದ ಬುಡ ಸೇರಿದರು. ಬಂಡೆಯಲ್ಲಿ ಕಡಿದ ಮೆಟ್ಟಿಲುಗಳು ಮುಗಿದು, ಬರೀ ಕಾಲಿಡುವಷ್ಟು ಗುಳಿಗಳಿದ್ದ ಕಡಿದಾದ ಜಾಗ ಬಂದಾಗ ಸುಬ್ಬಕೃಷ್ಣ ನಿಂತ.

"ಅದು ಹೆಣ್ಣು ನೋಡೋ ಶಾಸ್ತ್ರ ತಾನೇ?"

ಪಟ್ಟಾಭಿ ಏದುಸಿರು ಬಿಡುತ್ತಿದ್ದ. "ನಿಂಗೆ ಹೇಳೋಣ ಅಂತಲೇ ಕರ್ಕೊಂಡು ಬಂದೆ."

"ಹೇಳೋಕೆ ಉಪ್ಪಾರಹಳ್ಳೀಲಿ ಜಾಗ ಇರ್ಲಿಲ್ವಾ?"

"ಅಲ್ಲಿ ನಿಮ್ಮಮ್ಮ ಇರ್ತಾರೆ. ಅತ್ತೂ ಕರೆದೂ ಮಾಡ್ತಾರೆ."

"ಅಲಮೇಲು ಏನು ಮಾಡಿದ್ಲು ನಿಂಗೆ?"

"ಏನೂ ಮಾಡ್ಲಿಲ್ಲ. ಒಳ್ಳೇ ಹುಡುಗಿ. ಆದ್ರೆ ನೀನೇ ಯೋಚ್ನೆ ಮಾಡು, ನಿಮ್ಮಪ್ಪ ಇಲ್ಲ. ನಿನ್ನ ಕೆಲ್ಸ ಇನ್ನೂ ಟೆಂಪರರಿ. ನಾಳೆ ನಿಮ್ಮಮ್ಮ ಮಲಗಿದ್ರೂ ನನ್ನ ತಲೇಗೇ, ನಿಂಗೆ ಕೆಲ್ಸ ಹೋದ್ರೂ ನನ್ನ ತಲೇಗೇ. ಒಬ್ಬಳನ್ನ ಕಟ್ಕೊಂಡ್ರೆ ಮನೆಮಂದಿಯೆಲ್ಲಾ ಮೇಲೆ ಬೀಳ್ತೀರ."

"ಇಷ್ಟು ವರ್ಷ ನಮ್ಮನೇಲಿ ಕೂತು ಉಂಡಾಗ ಇದೆಲ್ಲಾ ತೋಚಲಿಲ್ಲ."

"ಉಂಡಿದ್ದನ್ನ ಎತ್ತಿ ಆಡ್ತೀಯಲ್ಲ, ಇದೇ ನಿಮ್ಮ ಮನೇ ಬುದ್ಧಿ."

ಸುಬ್ಬಕೃಷ್ಣ ಒಂದು ಗುಳಿ ಕೆಳಗಿಳಿದು ಅವನ ಎದುರಿಗೆ ನಿಂತ. "ಅದು ಬಿಡು. ನನ್ನನ್ನ ಆ ಮನೇಗೆ ಯಾಕೆ ಕರ್ಕೊಂಡು ಹೋದೆ? ಒಬ್ಬನೇ ಹೋಗ್ಬಹುದಿತ್ತು."

ಪಟ್ಟಾಭಿ ಕೆಳಗಿನ ಊರಿನ ಕಡೆ ನೋಡಿದ. "ಯಾರೋ ಅವರಿಗೆ ಅಲಮೇಲು ವಿಷಯ ಹೇಳಿದ್ರು. ಆ ಮಾತು ನಿಂತುಹೋಗಿದೆ, ಅವರ ಕಡೆಯವರಿಗೂ ಬೇಜಾರಿಲ್ಲ ಅಂದೆ. ನಂಬಲಿಲ್ಲ. ಬೇಕಾದ್ರೆ ಅವಳ ಅಣ್ಣನೇ ನನ್ನ ಜೊತೆ ಬರ್ತಾನೆ, ನೋಡ್ಕೊಳ್ಳಿ ಅಂದೆ."

ಸುಬ್ಬಕೃಷ್ಣ ಅವನ ಷರಟಿನ ಎದೆ ಹಿಡಿದ. ಹಿಡಿದಾಗಲೇ ಇಬ್ಬರಿಗೂ ತಾವು ನಿಂತ ಜಾಗದ ನೆನಪಾಯಿತು. ಪಟ್ಟಾಭಿಯ ಹಿಮ್ಮಡಿಯ ಹಿಂದೆ ಬಂಡೆ ನುಣ್ಣಗೆ ಜಾರಿ ಲಂಟಾನ ಪೊದೆಗಳಲ್ಲಿ ಮುಗಿಯುತ್ತಿತ್ತು.

"ತಳ್ಳು," ಎಂದ ಪಟ್ಟಾಭಿ. "ಗಂಡಸಾದ್ರೆ ತಳ್ಳೋ."

ಸುಬ್ಬಕೃಷ್ಣ ಕೈ ಬಿಟ್ಟು ಮೇಲೆ ಹತ್ತತೊಡಗಿದ. ಹಿಂದಕ್ಕೆ ಹೋಗಬಹುದಿತ್ತು, ಆದರೆ ಇವನ ಎದುರಿಗೆ ತಾನೇ ಮೊದಲು ಹಿಮ್ಮೆಟ್ಟುವುದು ಬೇಡವೆನಿಸಿತು. ಪಟ್ಟಾಭಿಗೂ ಹಾಗೇ ಅನಿಸಿರಬೇಕು, ಹಿಂದೆಯೇ ಹತ್ತಿದ. ಮೇಲಿನ ಪಾಳು ಕೋಟೆಯಲ್ಲಿ ಇಬ್ಬರೂ ಬೇರೆ ಬೇರೆ ಗೋಡೆಗಳಿಗೆ ಒರಗಿ ಕೂತರು. ಅಲಮೇಲು ಇಬ್ಬರಿಗೂ ಎಂದು ಕಟ್ಟಿಕೊಟ್ಟಿದ್ದ ಪುಳಿಯೋಗರೆಯನ್ನು ಸುಬ್ಬಕೃಷ್ಣ ಬಿಚ್ಚಿ, ಒಬ್ಬನೇ ತಿನ್ನತೊಡಗಿದ. ಹಸಿವಿರಲಿಲ್ಲ. ಪಟ್ಟಾಭಿಗೆ ಒಂದು ತುತ್ತೂ ಸಿಗಬಾರದೆಂದು ಅಷ್ಟನ್ನೂ ತಿಂದ.

ಮಧ್ಯಾಹ್ನ ಚಿತ್ತೆ ಮಳೆ ಬಡಿಯಿತು. ದೊಡ್ಡ ಮಳೆಯೇನಲ್ಲ, ಆದರೆ ಇಳಿಯುವ ಹೊತ್ತಿಗೆ ಬಂಡೆಯ ಮೇಲಿನ ಪಾಚಿ ಎಣ್ಣೆ ಹಚ್ಚಿದ ಹಾಗಾಗಿತ್ತು. ಗುಳಿಗಳಿದ್ದ ಜಾಗದಲ್ಲಿ ಪಟ್ಟಾಭಿಯ ಕಾಲು ಜಾರಿತು. ಅವನು ಬಂಡೆಗೆ ಅಂಗಾತ ಅಂಟಿಕೊಂಡು, ಕಣ್ಣು ಮುಚ್ಚಿ, "ಸುಬ್ಬು, ಆಗ್ತಿಲ್ಲ ಕಣೋ," ಎಂದ.

ಆಗಲೇ ಕೆಳಗಿಳಿದಿದ್ದ ಸುಬ್ಬಕೃಷ್ಣ ನಿಂತು ನೋಡಿದ. ಅವನು ಇನ್ನೊಂದು ಸಲ ಕರೆಯಲಿ ಎಂದು ಕಾದ. ಕರೆದ ಮೇಲೆ ಹತ್ತಿ ಬಂದು, ಒಂದೊಂದು ಕಾಲನ್ನೂ ಹಿಡಿದು ಗುಳಿಯಲ್ಲಿಡಿಸಿ ಇಳಿಸಿದ. ಮೆಟ್ಟಿಲು ಸಿಕ್ಕಿದ ಮೇಲೆ ಪಟ್ಟಾಭಿ ಅವನ ಹೆಗಲ ಮೇಲೆ ಕೈ ಹಾಕಿದ.

"ಕೈ ತೆಗಿ," ಎಂದ ಸುಬ್ಬಕೃಷ್ಣ. "ನೀನು ಬಿದ್ದು ಸತ್ರೆ ನಾನೇ ತಳ್ಳಿದೆ ಅಂತಾರೆ. ಅದಕ್ಕೆ ಇಳಿಸ್ದೆ."

ಕುಣಿಗಲ್ಲಿನಲ್ಲಿ ಬಸ್ಸಿಳಿದಾಗ ಇನ್ನೂ ಬೆಳಕಿತ್ತು. ಸುಬ್ಬಕೃಷ್ಣ ಕೆರೆ ಏರಿಯ ಕಡೆ ಹೊರಟ. ಪಟ್ಟಾಭಿ ಹಿಂದೆ ಓಡಿಬಂದು ತೋಳು ಹಿಡಿದ.

"ಊಟ ಗೀಟ ಏನೂ ಬೇಡ. ನೇರ ತುಮಕೂರಿಗೆ ಹೋಗಿಬಿಡೋಣ."

"ಕರೆದಿದಾರೆ. ಹೋಗ್ದಿದ್ರೆ ಮರ್ಯಾದೆ ಅಲ್ಲ."

ಸೀತಾರಾಮಯ್ಯ ಜಗಲಿಯಲ್ಲಿದ್ದರು. ಒಳಗೆ ರಾಧಾ ಗೊಂಬೆಗಳ ಮುಂದೆ ದೀಪ ಹಚ್ಚುತ್ತಿದ್ದಳು. ಸುಬ್ಬಕೃಷ್ಣ ಚಪ್ಪಲಿ ಬಿಡದೆ ಅಂಗಳದಲ್ಲೇ ನಿಂತ.

"ಸ್ವಾಮಿ, ನಾನು ಬೆಟ್ಟ ಹತ್ತೋಕೆ ಬಂದೋನು. ಇಲ್ಲಿ ಹೆಣ್ಣು ನೋಡೋದಿದೆ ಅಂತ ನಂಗೆ ಯಾರೂ ಹೇಳ್ಲಿಲ್ಲ. ನನ್ನ ತಂಗಿ ಅಲಮೇಲೂನ ಇವನಿಗೆ ಕೊಡೋದು ಅಂತ ಎರಡು ವರ್ಷದಿಂದ ಮಾತಿದೆ. ಅದು ನಿಂತುಹೋಗಿಲ್ಲ. ನಮ್ಮನೇಲಿ ಪಾತ್ರೆಗೆ ಕಲಾಯಿ ಹಾಕ್ಸಿ ಆಗಿದೆ. ಇಷ್ಟು ಹೇಳೋಕೆ ಬಂದೆ."

ಹುಡುಗಿಯ ಕೈಯಲ್ಲಿದ್ದ ಬೆಂಕಿಪೊಟ್ಟಣ ಹಾಗೇ ನಿಂತಿತು. ಸೀತಾರಾಮಯ್ಯ ಪಟ್ಟಾಭಿಯ ಕಡೆ ತಿರುಗಿದರು. ಅವನು ಏನೋ ಹೇಳಲು ಹೊರಟ.

"ನೀವು ಹೊರಡಿ," ಎಂದರು ಅವರು. ಆಮೇಲೆ ಸುಬ್ಬಕೃಷ್ಣನಿಗೆ, "ಬೆಳಿಗ್ಗೆ ಇಲ್ಲಿ ಕೂತು ತಿಂಡಿ ತಿಂದಾಗಲೇ ಹೇಳಬಹುದಿತ್ತು. ನನ್ನ ಮಗಳು ನಿಮ್ಮ ಮುಂದೆ ಹಾಡು ಹೇಳೋ ತನಕ ಸುಮ್ಮನಿದ್ರಿ. ನೀವೂ ಹೊರಡಿ," ಎಂದು ಬಾಗಿಲು ಹಾಕಿಕೊಂಡರು.

ಮನೆ ಸೇರಿದ ಮೇಲೆ ಸುಬ್ಬಕೃಷ್ಣ ನಡೆದದ್ದನ್ನು ಒಂದೂ ಬಿಡದೆ ಹೇಳಿದ. ಕೌಸಲ್ಯಮ್ಮ ಸೆರಗು ಬಾಯಿಗೊತ್ತಿಕೊಂಡು ಕೂತರು. ಅಲಮೇಲು ಅಳಲಿಲ್ಲ.

"ಆ ಹುಡುಗಿ ಅಲ್ಲೇ ಇದ್ಲಾ?" ಎಂದು ಕೇಳಿದಳು.

"ಇದ್ಲು."

"ಅವಳ ಎದುರಿಗೆ ನನ್ನ ಹೆಸರು ಹೇಳ್ದೆ."

"ಹೇಳ್ದೇ ಇರೋಕಾಗುತ್ತಾ?"

"ಯಾರನ್ನ ಕೇಳಿ ಹೇಳ್ದೆ? ಅವನೂ ನನ್ನ ಹೆಸರು ಹಿಡ್ಕೊಂಡು ಆ ಮನೇ ಬಾಗಿಲಿಗೆ ಹೋದ, ನೀನೂ ಹೋದೆ. ಕುಣಿಗಲ್ಲಲ್ಲಿ ಈಗ ನಾನು ಯಾರು? ಒಬ್ಬ ಬೇಡ ಅಂದ ಹುಡುಗಿ, ಇನ್ನೊಬ್ಬ ಅಂಗಳದಲ್ಲಿ ನಿಂತು ಹೆಸರು ಕೂಗಿದ ಹುಡುಗಿ."

"ನಿನಗೋಸ್ಕರ ಕಣೇ ಮಾಡಿದ್ದು."

"ನಿನ್ನ ಕೋಪಕ್ಕೋಸ್ಕರ ಮಾಡಿದ್ದು," ಎಂದು ಅವಳು ಒಳಗೆ ಹೋದಳು.

ಕುಣಿಗಲ್ಲಿನ ಸಂಬಂಧ ಮುರಿಯಿತು. ದೀಪಾವಳಿ ಕಳೆದ ವಾರದಲ್ಲಿ ಪಟ್ಟಾಭಿಯ ತಾಯಿ ಹೂವು ಹಣ್ಣಿನ ತಟ್ಟೆ ಹಿಡಿದು ಬಂದು, ಹುಡುಗುಬುದ್ಧಿ, ಏನೋ ತಪ್ಪಾಯಿತು, ಹಳೇ ಮಾತಿನಂತೆಯೇ ಆಗಲಿ ಎಂದರು. ಕೌಸಲ್ಯಮ್ಮನ ಮುಖ ಅರಳಿತು. ಅಲಮೇಲು ನಡುಮನೆಗೆ ಬಂದು, ತಟ್ಟೆಯನ್ನು ಹಾಗೇ ಎತ್ತಿ ಅವರ ಕೈಗೇ ಇಟ್ಟಳು. "ಬೇರೆ ಎಲ್ಲೂ ನಡೀಲಿಲ್ಲ ಅಂತ ಇಲ್ಲಿಗೆ ಬಂದಿದೀರ. ಇಲ್ಲೂ ನಡೆಯಲ್ಲ," ಎಂದಳು. ಅಂದಿನಿಂದ ಎರಡೂ ಮನೆಯವರು ಎದುರಾದರೆ ರಸ್ತೆಯ ಆ ಬದಿ ಈ ಬದಿ ಹಿಡಿದು ಹೋಗತೊಡಗಿದರು. ಮಗಳನ್ನು ಏನೂ ಅನ್ನಲಾರದ ಕೌಸಲ್ಯಮ್ಮ ಮಗನನ್ನು ಬೈದರು. ನೀನು ಬಾಯಿ ಮುಚ್ಚಿಕೊಂಡು ಬಂದಿದ್ದರೆ ಹೇಗೋ ಸರಿಹೋಗುತ್ತಿತ್ತು ಎಂದು ಊಟಕ್ಕೆ ಕೂತಾಗಲೆಲ್ಲ ಅಂದರು.

ಮರುವರ್ಷ ಅಲಮೇಲುವಿಗೆ ಗುಬ್ಬಿ ಕಡೆಯ ಚೇಳೂರಿನ ಪ್ರೈಮರಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ಅಲ್ಲೇ ಒಂದು ಕೋಣೆ ಹಿಡಿದಳು. ಹೊರಡುವ ದಿನ ಸುಬ್ಬಕೃಷ್ಣ ಗುಬ್ಬಿಯ ಬಸ್ಸಿನವರೆಗೆ ಅವಳ ಟ್ರಂಕು ಹೊತ್ತುಕೊಂಡು ಹೋಗಲು ಎದ್ದ. ಅವಳು ಬೇಡವೆನ್ನಲಿಲ್ಲ. ದಾರಿಯುದ್ದಕ್ಕೂ ಅವನಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಬಸ್ಸಿನ ಮೇಲೆ ಟ್ರಂಕು ಹಾಕಿಸಿ ಕೆಳಗಿಳಿದ ಅವನು, "ಹಬ್ಬಕ್ಕೆ ಬಾ," ಎಂದ.

"ಅಮ್ಮನ್ನ ನೋಡೋಕೆ ಬರ್ತೀನಿ," ಎಂದಳು ಅಲಮೇಲು. ಬಸ್ಸು ಹೊರಟಿತು.