ಬೇಲಿಯಾಚೆಯ ನೂಲು

ಯೆಹೂದ್ಯರು ವರ್ಷದ ತಪ್ಪುಗಳನ್ನು ಒಪ್ಪಿಕೊಳ್ಳುವ ಯೋಮ್ ಕಿಪ್ಪುರ್ ಉಪವಾಸಕ್ಕೆ ಇನ್ನು ಮೂರೇ ದಿನ. ಬುಗ್ ಹೊಳೆಯ ದಂಡೆಯ ಸ್ಮಶಾನದಲ್ಲಿ ಮುದುಕಿ ಬ್ರೈನಾ ಒಂದೊಂದೇ ಗೋರಿಯ ಸುತ್ತ ನೂಲೆಳೆದು ಅಳೆಯುತ್ತ, ಸತ್ತವರನ್ನು ಹೆಸರು ಹಿಡಿದು ಕರೆಯುತ್ತಿದ್ದಳು. ಕರೆದಾಗ ಮಣ್ಣಿನೊಳಗೆ ಅವರು ಮಗ್ಗುಲು ಬದಲಿಸಿದ್ದು ಅವಳಿಗೆ ಕೇಳುತ್ತಿತ್ತು. ಆ ನೂಲೆಲ್ಲ ಹುರಿಗೊಂಡು, ಮಂದಿರದ ದೊಡ್ಡ ಮೇಣದ ದೀಪಕ್ಕೆ ಬತ್ತಿಯಾಗಬೇಕು. ಅದು ಉರಿಯುವಷ್ಟು ಹೊತ್ತು ಸತ್ತವರು ಬದುಕಿರುವವರಿಗಾಗಿ ದೇವರಲ್ಲಿ ಬೇಡುತ್ತಾರೆ.

ಕಡೆಯ ಗೋರಿ ಮುಗಿದರೂ ಬ್ರೈನಾ ನೂಲು ಕತ್ತರಿಸಲಿಲ್ಲ. ಉಂಡೆಯನ್ನು ಬೇಲಿಯ ಸಂದಿಯಲ್ಲಿ ಆಚೆಗೆ ತೂರಿಸಿ, ಲಂಗ ಎತ್ತಿ ಕಟ್ಟಿ ತಾನೂ ದಾಟಿದಳು. ಅಲ್ಲಿ ಮುಳ್ಳುಗಿಡಗಳ ನಡುವೆ ಅವಳ ತಂಗಿ ಹೊದ್ಲಾ ಮಣ್ಣಿನಡಿ ಮಲಗಿದ್ದಳು. ತಾನಾಗಿ ಹೊಳೆಗೆ ಹಾರಿದವಳೆಂದು ಊರು ಅವಳನ್ನು ಬೇಲಿಯೊಳಗೆ ಸೇರಿಸಿರಲಿಲ್ಲ. ಹನ್ನೊಂದು ವರ್ಷ ಯಾವ ಬತ್ತಿಯಲ್ಲೂ ಅವಳ ನೂಲಿರಲಿಲ್ಲ.

"ಬೇಡ ಬಾರಕ್ಕ," ನೆರೆಮನೆಯ ಫ್ರುಮಾ ಬೇಲಿಯೀಚೆಯಿಂದ ಗೋಗರೆದಳು. "ಮಂದಿರದ ಯಜಮಾನ್ರಿಗೆ ಗೊತ್ತಾದ್ರೆ ದೀಪಾನೇ ಒಳಗೆ ಬಿಡಲ್ಲ."

"ನೀನೇ ಹೇಳ್ಬಿಡು. ನನಗೆ ನಡೆಯೋ ಶ್ರಮ ತಪ್ಪುತ್ತೆ."

ಫ್ರುಮಾ ಹೇಳಿಯೇಬಿಟ್ಟಳು.

ಉಪವಾಸದ ಮುನ್ನಾದಿನ ಸಂಜೆ. ಊರೆಲ್ಲ ಕಡೆಯ ಊಟ ಮುಗಿಸಿ ಮಂದಿರದಲ್ಲಿ ನೆರೆದಿತ್ತು. ಸೊಂಟದೆತ್ತರದ ದೀಪದೆದುರು ಯಜಮಾನ ಲೈಜರ್ ಬಿಳಿ ನಿಲುವಂಗಿಯಲ್ಲಿ ಅಡ್ಡ ನಿಂತಿದ್ದ.

"ಬ್ರೈನಕ್ಕ, ಆ ನೂಲು ತೆಗೆದುಬಿಡಿ. ಆಮೇಲೆ ಹಚ್ಚೋಣ."

"ಯಾವುದು ಅಂತ ತೋರಿಸಪ್ಪ, ತೆಗೀತೀನಿ."

"ತಮಾಷೆ ಬೇಡ. ಹೊತ್ತು ಮುಳುಗ್ತಿದೆ, ಉಪವಾಸ ಶುರುವಾದ್ಮೇಲೆ ಬೆಂಕಿ ಮುಟ್ಟೋ ಹಾಗಿಲ್ಲ."

"ಹಾಗಾದ್ರೆ ಬೇಗ ಮೇಣ ಕೆತ್ತು, ಹುರಿ ಬಿಚ್ಚು. ನಿಮ್ಮಮ್ಮನ ನೂಲಿಗೇ ಅವಳದನ್ನ ಹೊಸೆದಿದೀನಿ. ಜೋಪಾನ, ನಿಮ್ಮಮ್ಮನೂ ಕಿತ್ತು ಬಂದಾಳು."

ಹಿಂದೆ ಯಾರೋ ನಕ್ಕು, ಅದನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡರು.

"ತಪ್ಪೊಪ್ಪಿಕೊಳ್ಳೋ ದಿನ ಇದು. ನಿಮಗೆ ದೇವರ ಭಯ ಇಲ್ವಾ?"

"ಒಪ್ಕೋತೀನಿ. ನಾಳೆಯಿಡೀ ಹಸಿದು ಒಪ್ಕೋತೀನಿ, ಹನ್ನೊಂದು ವರ್ಷ ಬಾಯಿ ಮುಚ್ಕೊಂಡಿದ್ದಕ್ಕೆ. ಇದಕ್ಕಲ್ಲ."

ಕಿಟಕಿಯಿಂದ ಬಿದ್ದ ಸಂಜೆಗೆಂಪು ಗೋಡೆ ಬಿಟ್ಟು ಸೂರಿಗೆ ಏರಿತ್ತು. ಊರಿನವರೆಲ್ಲರ ಅಪ್ಪ ಅಮ್ಮಂದಿರು ಆ ಮೇಣದೊಳಗೆ ಕಾಯುತ್ತಿದ್ದರು. ಲೈಜರ್ ಪಕ್ಕಕ್ಕೆ ಸರಿದ.

"ಹಚ್ಚಿ. ಹೆಸರು ಕರೆಯೋವಾಗ ಅವಳದ್ದು ಮಾತ್ರ ಎತ್ತಬೇಡಿ."

ಬ್ರೈನಾ ಕಡ್ಡಿ ಗೀರಿದಳು. ಬತ್ತಿ ಚಟಪಟಗುಟ್ಟಿ ಹತ್ತಿಕೊಂಡಿತು.

"ಗಿತ್ಲಾ," ಎಂದು ಮೊದಲು ಲೈಜರನ ತಾಯಿಯನ್ನು ಕರೆದಳು. ಅದೇ ಉಸಿರಿನಲ್ಲಿ, ಮೇಲಟ್ಟದಲ್ಲಿ ಬೇರೆಯಾಗಿ ಕೂತ ಹೆಂಗಸರಿಗೂ ಕೇಳುವಂತೆ, "ಹೊದ್ಲಾ" ಎಂದಳು.