ಕಲ್ಲಿಗೆ ಮೊದಲು ಬಿದ್ದ ಅಕ್ಕಿ

ಮಗಳು ವರ್ಷಿಣಿಗೆ ಗೋಧಿ ಒಗ್ಗುವುದಿಲ್ಲ, ಚೂರೂ ತಿನ್ನಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ಅಂಥವರಿಗೆಂದೇ ದೊಡ್ಡ ಅಂಗಡಿಯಲ್ಲಿ ಮಾರುವ ಹಿಟ್ಟಿನ ಪೊಟ್ಟಣದ ಬೆಲೆ ನೋಡಿ ನನಗೆ ಮೈಯೆಲ್ಲ ಉರಿಯಿತು. ಒಳಗಿದ್ದದ್ದು ಅಕ್ಕಿ ಮತ್ತು ಸಬ್ಬಕ್ಕಿಯ ಹಿಟ್ಟು, ಅಷ್ಟೇ. ಎರಡನ್ನೂ ಸಂತೆಪೇಟೆಯಲ್ಲಿ ಅಗ್ಗಕ್ಕೆ ಕೊಂಡು, ಒಂಟಿಕೊಪ್ಪಲಿನ ಹಿಟ್ಟಿನ ಮಿಲ್ಲಿಗೆ ಹೋದೆ.

ಅಲ್ಲಿ ಯಾರದೋ ಗೋಧಿ ಬೀಸುತ್ತಿದ್ದರು. ಹಿಂದಿನವರ ಹಿಟ್ಟು ಕಲ್ಲಿನಲ್ಲಿ ಉಳಿದು ಮುಂದಿನವರ ಡಬ್ಬಕ್ಕೆ ಬೀಳುತ್ತದೆ ಎಂಬುದು ಆಗ ಹೊಳೆಯಿತು. ವಾಪಸು ಹೊರಟೆ.

"ಯಾಕವ್ವ, ಸರದಿ ಬುಟ್ಟು ಎಲ್ಲಿಗೆ ಹೋಯ್ತೀಯ?"

ಕೇಳಿದ್ದು ನನ್ನ ಮುಂದೆ ನಿಂತಿದ್ದ ತಿಮ್ಮಮ್ಮ. ಸರದಿಗಾಗಿ ಎಲ್ಲರ ಮೇಲೂ ಜಗಳಕ್ಕೆ ಹೋಗುವ ಹೆಂಗಸು. ಇವರಿಗೇಕೆ ಹೇಳಬೇಕು ಎಂದು ಸಿಡುಕುತ್ತಲೇ ವಿಷಯ ಹೇಳಿದೆ.

ಅವರು ತಮ್ಮ ಗೋಧಿ ಚೀಲವನ್ನು ಕಾಲಿನಿಂದ ಹಿಂದಕ್ಕೆ ತಳ್ಳಿ, ತಮ್ಮದೇ ಅಕ್ಕಿ ಡಬ್ಬವನ್ನು ಮಿಲ್ಲಿನವನ ಮುಂದಿಟ್ಟರು.

"ಕಲ್ಲು ಚೆನ್ನಾಗಿ ಉಜ್ಜಪ್ಪ. ಆಮೇಲೆ ನನ್ನ ಅಕ್ಕಿ ಹಾಕು. ಉಳಿದಿರೋ ಗೋಧಿಯೆಲ್ಲ ಅದರಲ್ಲೇ ಬಂದ್ಬುಡ್ಲಿ. ಅದಾದ ಮೇಲೆ ಈಯಮ್ಮಂದು."

"ನಿಮ್ಮ ಹಿಟ್ಟು ಬೆರಕೆಯಾಗುತ್ತಲ್ಲಮ್ಮ," ಎಂದೆ.

"ನಂಗೆ ಗೋಧಿ ಒಗ್ಗುತ್ತೆ ಕಣವ್ವ. ಮುಂದಿನ ಮಂಗಳವಾರನೂ ಇದೇ ಹೊತ್ತಿಗೆ ಬಾ."

ಆ ಸಂಜೆ ವರ್ಷಿಣಿ ಎರಡು ರೊಟ್ಟಿ ತಿಂದು ಇನ್ನೊಂದು ಕೇಳಿದಳು. ರಾತ್ರಿ ಹೊಟ್ಟೆ ಹಿಡಿದುಕೊಂಡು ಏಳಲಿಲ್ಲ.

ಮಂಗಳವಾರ ಹೋದಾಗ ಗೋಧಿ ತಂದವರೆಲ್ಲ ಗೊಣಗುತ್ತ ಸಾಲಿನ ಕೊನೆಯಲ್ಲಿದ್ದರು. ಎಲ್ಲರಿಗಿಂತ ಮುಂದೆ ಅಕ್ಕಿ ಡಬ್ಬ ಹಿಡಿದು ತಿಮ್ಮಮ್ಮ, ಅವರ ಹಿಂದೆ ನನಗೊಂದು ಖಾಲಿ ಜಾಗ. ಜಗಳ ಆಗಲೇ ಮುಗಿದಿತ್ತು.